ದಾನದ ಹಣದಿಂದ ಎಲ್ಲರಿಗೂ ಸೂರು ಸಿಕ್ಕೀತೆ?

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಕೂಡುಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಮಾತಿಗೆ ನಾವು ಆರಿಸಿಕೊಂಡ ಪ್ರಶ್ನೆ ಚಿಕ್ಕದು. ಈ ದೇಶದ ಧನಿಕರೆಲ್ಲ ಮನಸ್ಸು ಮಾಡಿ ಕೈಬಿಚ್ಚಿ ಕೊಟ್ಟರೆ ಮನೆಯಿಲ್ಲದವರಿಗೆಲ್ಲ ಮನೆಯಾದೀತೆ? ಚಹಾದಂಗಡಿಯಲ್ಲಿ, ಗಿರಣಿಯ ಗೇಟಿನ ಮುಂದೆ, ಸಂತೆಕಟ್ಟೆಯ ಮೇಲೆ ಈ ಮಾತು ಮತ್ತೆ ಮತ್ತೆ ಬರುತ್ತದೆ. “ದೊಡ್ಡ ಸಾಹುಕಾರರು ನಾಲ್ಕು ಜನ ಸೇರಿದರೆ ಸಾಕು, ಒಂದೇ ವರ್ಷದಲ್ಲಿ ಎಲ್ಲ ಬಗೆಹರಿಯುತ್ತದೆ” ಎನ್ನುವವರುಂಟು. “ಅವರ ದುಡ್ಡು ಅವರದು, ಅದರ ಲೆಕ್ಕ ನಮಗೇಕೆ?” ಎನ್ನುವವರೂ ಉಂಟು. ಇಬ್ಬರಿಗೂ ಲೆಕ್ಕವನ್ನೇ ಮುಂದಿಟ್ಟು ಉತ್ತರ ಹೇಳುವುದು ಒಳ್ಳೆಯದು. ಲೆಕ್ಕವೆಂದರೆ ಅಂಗಡಿಕಾರರಿಗೆ ಹೊಸದಲ್ಲ. ಪಗಾರದ ಚೀಟಿ ಹಿಡಿದು ತಿಂಗಳು ನೂಕುವ ಕಾರ್ಮಿಕರಿಗಂತೂ ಹೊಸದೇ ಅಲ್ಲ.

ಲೆಕ್ಕ ಏನು ಹೇಳುತ್ತದೆ?

೨೦೧೧ರ ಜನಗಣತಿಯ ರಾತ್ರಿ ಈ ದೇಶದಲ್ಲಿ ಸೂರೇ ಇಲ್ಲದೆ ಮಲಗಿದವರು ೧೭ ಲಕ್ಷ ೭೦ ಸಾವಿರಕ್ಕೂ ಹೆಚ್ಚು ಜನ. ನಮ್ಮ ಕರ್ನಾಟಕದಲ್ಲೇ ಅಂಥವರು ಸುಮಾರು ೭೬ ಸಾವಿರ. ಫುಟ್‌ಪಾತು, ಸೇತುವೆಯ ಕೆಳಗು, ರೈಲು ನಿಲ್ದಾಣ, ಗುಡಿಯ ಜಗಲಿ, ಇವೇ ಅವರ ವಿಳಾಸ. ಆದರೆ ಮನೆಯ ಕೊರತೆ ಇಷ್ಟಕ್ಕೇ ಮುಗಿಯುವುದಿಲ್ಲ. ಒಂದೇ ಕೋಣೆಯಲ್ಲಿ ಅಪ್ಪ, ಅಮ್ಮ, ಮಗ, ಸೊಸೆ, ಮೊಮ್ಮಕ್ಕಳು ಒಟ್ಟಿಗೆ ಮಲಗುವ ಸಂಸಾರಗಳನ್ನೂ ಬಿದ್ದುಹೋಗುವಂಥ ಗೋಡೆಯ ಕೆಳಗೆ ಬದುಕುವವರನ್ನೂ ಸೇರಿಸಿ, ಕೇಂದ್ರ ಸರ್ಕಾರ ನೇಮಿಸಿದ್ದ ತಜ್ಞರ ತಂಡ ೨೦೧೨ರಲ್ಲಿ ಲೆಕ್ಕ ಹಾಕಿತು. ಪಟ್ಟಣಗಳಲ್ಲಿ ಮಾತ್ರವೇ ೧ ಕೋಟಿ ೮೮ ಲಕ್ಷ ಮನೆಗಳ ಕೊರತೆಯೆಂದು ಹೇಳಿತು. ಇದರಲ್ಲಿ ನೂರಕ್ಕೆ ೯೫ಕ್ಕಿಂತ ಹೆಚ್ಚು ಪಾಲು ಬಡವರದು ಮತ್ತು ಕಡಿಮೆ ವರಮಾನದವರದು.

ನೆಲದ ಬೆಲೆಯನ್ನು ಬದಿಗಿಟ್ಟು, ಒಂದು ಸಣ್ಣ ಮನೆ ಕಟ್ಟುವುದಕ್ಕೆ ೫ ಲಕ್ಷ ರೂಪಾಯಿ ಎಂದು ಹಿಡಿಯೋಣ. ೧ ಕೋಟಿ ೮೮ ಲಕ್ಷ ಮನೆಗೆ ೯ ಲಕ್ಷ ೪೦ ಸಾವಿರ ಕೋಟಿ ರೂಪಾಯಿ ಬೇಕು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಈಗ ಇನ್ನೊಂದು ಪುಟ ತಿರುವಿ ಹಾಕೋಣ. ಫೋರ್ಬ್ಸ್ ಪತ್ರಿಕೆ ೨೦೨೪ರಲ್ಲಿ ಪ್ರಕಟಿಸಿದ ಪಟ್ಟಿಯಂತೆ, ಭಾರತದ ೧೦೦ ಮಂದಿ ಅತಿ ಶ್ರೀಮಂತರ ಒಟ್ಟು ಆಸ್ತಿ ೧ ಲಕ್ಷ ಕೋಟಿ ಡಾಲರನ್ನೂ ದಾಟಿತ್ತು. ಅಂದರೆ ಸುಮಾರು ೯೦ ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಹತ್ತರಲ್ಲೊಂದಕ್ಕಿಂತ ತುಸು ಹೆಚ್ಚು ಪಾಲು ಸಾಕು, ಹಳೆಯ ಲೆಕ್ಕದಲ್ಲಿ ರೂಪಾಯಿಗೆ ಒಂದೂವರೆ ಆಣೆಗಿಂತ ಕೊಂಚ ಹೆಚ್ಚು!

ಆದ್ದರಿಂದ “ದೇಶದಲ್ಲಿ ದುಡ್ಡಿಲ್ಲ” ಎಂಬ ಮಾತನ್ನು ನಾವು ಇನ್ನು ಮೇಲೆ ಯಾರ ಬಾಯಿಂದಲೂ ಸುಮ್ಮನೆ ಕೇಳಿಕೊಳ್ಳಬೇಕಾಗಿಲ್ಲ. ಸಂಪತ್ತಿದೆ. ಆದರೆ ಸಂಪತ್ತು ಇರುವುದು ಬೇರೆ, ಅದು ಮನೆಯಾಗಿ ನಿಲ್ಲುವುದು ಬೇರೆ. ನಡುವೆ ಮೂರು ತೊಡಕುಗಳಿವೆ.

ಮೂರು ತೊಡಕುಗಳು

ಮೊದಲನೆಯದು, ಆ ಆಸ್ತಿಯ ರೂಪ. ಧನಿಕನ ಆಸ್ತಿ ತಿಜೋರಿಯಲ್ಲಿ ನೋಟಿನ ಕಟ್ಟಾಗಿ ಕುಳಿತಿಲ್ಲ. ಬಹುಪಾಲು ಕಂಪನಿಗಳ ಷೇರುಗಳಲ್ಲಿದೆ. ಷೇರಿನ ಬೆಲೆ ಪೇಟೆಯಲ್ಲಿ ಇವತ್ತು ಒಂದು, ನಾಳೆ ಇನ್ನೊಂದು. ಎಲ್ಲರೂ ಒಮ್ಮೆಲೇ ಮಾರಲು ನಿಂತರೆ ಕೊಳ್ಳುವವರಿಲ್ಲದೆ ಬೆಲೆ ಬೀಳುತ್ತದೆ. ಸುಗ್ಗಿಯಲ್ಲಿ ಎಲ್ಲರ ಈರುಳ್ಳಿ ಒಂದೇ ದಿನ ಮಂಡಿಗೆ ಬಂದರೆ ಏನಾಗುತ್ತದೆಂದು ನಮ್ಮ ವ್ಯಾಪಾರಿಗಳಿಗೆ ಬಿಡಿಸಿ ಹೇಳಬೇಕೆ? ಹೀಗಾಗಿ ಆ ಸಂಪತ್ತನ್ನು ಒಂದೇ ಏಟಿಗೆ ಮನೆಯಾಗಿ ಮಾಡಲು ಬರುವುದಿಲ್ಲ. ವರ್ಷವರ್ಷವೂ ಅದರಿಂದ ಹುಟ್ಟುವ ಲಾಭದಲ್ಲಿ ಒಂದು ಪಾಲನ್ನು ಗೊತ್ತಾದ ದರದಲ್ಲಿ ತೆಗೆಯುತ್ತ ಬಂದರೆ ಮಾತ್ರ ಆದೀತು.

ಎರಡನೆಯದು, ನೆಲ. ಇಟ್ಟಿಗೆಯನ್ನು ಸುಡಬಹುದು, ಸಿಮೆಂಟನ್ನು ತಯಾರಿಸಬಹುದು. ಊರಿನ ನಡುವೆ ಒಂದು ಗುಂಟೆ ನೆಲವನ್ನು ಹೊಸದಾಗಿ ತಯಾರಿಸಲು ಯಾರಿಂದಲೂ ಆಗದು. ಹೊಸ ಬಸ್ ನಿಲ್ದಾಣ ಬರುತ್ತದೆಂಬ ಗಾಳಿಸುದ್ದಿ ಹಬ್ಬಿದರೆ ಸಾಕು, ಸುತ್ತಲಿನ ನಿವೇಶನಗಳ ಬೆಲೆ ಏರುತ್ತದೆ. ಇನ್ನು ಲಕ್ಷಾಂತರ ಕೋಟಿ ರೂಪಾಯಿ ನೆಲ ಕೊಳ್ಳಲು ಹೊರಟರೆ? ದಾನಿಯ ಹಣ ಮನೆಯಿಲ್ಲದವನ ಕೈ ಸೇರುವ ಮೊದಲೇ ನೆಲದೊಡೆಯನ ಜೇಬು ಸೇರುತ್ತದೆ. ಬೆಲೆ ಹೆಚ್ಚಾಯಿತೆಂದು ಊರಿನಿಂದ ಹತ್ತು ಹದಿನೈದು ಮೈಲಿ ಆಚೆ ಕಟ್ಟಿದರೆ ಕೂಲಿಕಾರ ಅಲ್ಲಿಗೆ ಹೋಗುವುದಿಲ್ಲ. ಹೋದರೆ ದಿನದ ಕೂಲಿ ಬಸ್ಸಿಗೆ ಸಾಲದು. ೨೦೦೫ರಲ್ಲಿ ಶುರುವಾದ ನರ್ಮ್ ಯೋಜನೆಯಲ್ಲಿ ಹಲವು ನಗರಗಳ ಹೊರವಲಯದಲ್ಲಿ ಕಟ್ಟಿದ ಮನೆಗಳು ಈ ಕಾರಣಕ್ಕೇ ಬಹಳ ಕಾಲ ಖಾಲಿ ಬಿದ್ದವು. ಇನ್ನೊಂದು ವಿಚಿತ್ರವನ್ನೂ ನೋಡಿ. ಅದೇ ೨೦೧೧ರ ಗಣತಿಯಲ್ಲಿ ನಮ್ಮ ಪಟ್ಟಣಗಳಲ್ಲಿ ಬೀಗ ಹಾಕಿ ಖಾಲಿ ಇದ್ದ ಮನೆಗಳು ೧ ಕೋಟಿ ೧೦ ಲಕ್ಷಕ್ಕೂ ಹೆಚ್ಚು. ಒಂದು ಕಡೆ ಮನೆಯಿಲ್ಲದ ಜನ, ಇನ್ನೊಂದು ಕಡೆ ಜನರಿಲ್ಲದ ಮನೆ. ನೆಲವನ್ನೂ ಮನೆಯನ್ನೂ ಚಿನ್ನದಂತೆ ಕೊಂಡು ಕೂಡಿಡುವ ಪದ್ಧತಿ ಇರುವವರೆಗೆ, ಎಷ್ಟು ಹಣ ಸುರಿದರೂ ತೂತುಬಿದ್ದ ಕೊಡಕ್ಕೆ ನೀರು ಹೊಯ್ದಂತೆಯೇ.

ಮೂರನೆಯದು, ಕೊಡುವವನ ಮನಸ್ಸು. ದಾನವೆಂದರೆ ಕೊಡುವವನ ಇಷ್ಟ. ಎಷ್ಟು, ಯಾರಿಗೆ, ಎಲ್ಲಿಯವರೆಗೆ ಎಂಬುದೆಲ್ಲ ಅವನದೇ ತೀರ್ಮಾನ. ಮೊದಲಿನ ಎರಡು ತೊಡಕುಗಳಿಗೆ ಲೆಕ್ಕದಿಂದ ಉತ್ತರ ಹೇಳಬಹುದು. ಇದಕ್ಕೆ ಚರಿತ್ರೆಯನ್ನೇ ಕೇಳಬೇಕು.

ಲಂಡನ್ನಿನ ದಾನಿ

ಜಾರ್ಜ್ ಪೀಬಾಡಿ ಎಂಬ ಅಮೆರಿಕದ ಸಾಹುಕಾರ ಲಂಡನ್ನಿನಲ್ಲಿ ಲೇವಾದೇವಿ ವ್ಯವಹಾರ ನಡೆಸಿ ಬಹಳ ಸಂಪಾದಿಸಿದ್ದ. ಆ ನಗರದ ಬಡವರ ವಸತಿಗೆಂದು ೧೮೬೨ರಲ್ಲಿ ಒಂದೂವರೆ ಲಕ್ಷ ಪೌಂಡು ಕೊಟ್ಟ. ೧೮೬೯ರಲ್ಲಿ ಸಾಯುವ ಹೊತ್ತಿಗೆ ಅದನ್ನು ೫ ಲಕ್ಷ ಪೌಂಡಿಗೆ ಏರಿಸಿದ್ದ. ಆ ಕಾಲಕ್ಕೆ ಅದು ಅಪಾರವಾದ ಹಣ. ಮನುಷ್ಯ ಪ್ರಾಮಾಣಿಕ, ಹಣ ನಿಜ, ಉದ್ದೇಶ ಶುದ್ಧ. ಮೊದಲ ಕಟ್ಟಡ ೧೮೬೪ರಲ್ಲಿ ಎದ್ದಿತು. ಆ ಸಂಸ್ಥೆ ಇಂದಿಗೂ ಇದೆ, ಮನೆಗಳನ್ನು ಕೊಡುತ್ತಲೇ ಇದೆ. ಇದನ್ನು ನಾವು ಹಗುರವಾಗಿ ನೋಡುವುದಿಲ್ಲ.

ಆದರೆ ದಾನ ಕೊಟ್ಟು ಇಪ್ಪತ್ತು ವರ್ಷ ಕಳೆದ ಮೇಲೆ, ೧೮೮೨ರಲ್ಲಿ, ಆ ಮನೆಗಳಲ್ಲಿ ಇದ್ದವರು ಸುಮಾರು ೧೪,೬೦೦ ಜನ. ಲಂಡನ್ನಿನ ಜನಸಂಖ್ಯೆ ಆಗ ೪೦ ಲಕ್ಷಕ್ಕೆ ಸಮೀಪ. ಸಾವಿರಕ್ಕೆ ನಾಲ್ವರೂ ಇಲ್ಲ! ಅಲ್ಲಿಯೂ ವಾರದ ಬಾಡಿಗೆಯನ್ನು ತಪ್ಪದೆ ಕಟ್ಟಬೇಕು, ಕಾಯಂ ಕೆಲಸವಿರಬೇಕು. ಆದ್ದರಿಂದ ಒಳಗೆ ಹೋದವರು ಹೆಚ್ಚಾಗಿ ಕಸುಬುದಾರರು. ಹಡಗುಕಟ್ಟೆಯಲ್ಲಿ ದಿನಗೂಲಿಗೆ ಕಾಯುತ್ತಿದ್ದ ಹಮಾಲಿ ಹೊರಗೇ ಉಳಿದ. ದಾನದ ಮನೆಯೂ ಕೈಲಾಗದವನಿಗಲ್ಲ, ಕೈಲಾದವನಿಗೇ ಸಿಕ್ಕಿತು. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ಗಾದೆಯನ್ನು ಲಂಡನ್ನಿನವರು ಕೇಳಿರಲಾರರು, ಆದರೆ ಆದದ್ದು ಅದೇ.

ಈಗಿನ ಕಾಲದ್ದೂ ಒಂದು ನಿದರ್ಶನವಿದೆ. ಅಮೆರಿಕದ ಜೆಫ್ ಬೆಜೋಸ್ ೨೦೧೮ರಲ್ಲಿ ೨೦೦ ಕೋಟಿ ಡಾಲರಿನ ನಿಧಿಯನ್ನು ಘೋಷಿಸಿದರು. ಅದರಲ್ಲಿ ಒಂದು ಭಾಗ ಮನೆಯಿಲ್ಲದ ಕುಟುಂಬಗಳಿಗೆ ನೆರವಾಗುವ ಸಂಸ್ಥೆಗಳಿಗೆ. ಆ ವರ್ಷ ಅಮೆರಿಕದ ಗಣತಿಯಲ್ಲಿ ಮನೆಯಿಲ್ಲದವರು ಸುಮಾರು ೫ ಲಕ್ಷ ೫೩ ಸಾವಿರ. ೨೦೨೪ರಲ್ಲಿ ಅದು ೭ ಲಕ್ಷ ೭೧ ಸಾವಿರವಾಯಿತು. ದಾನದಿಂದ ಹೆಚ್ಚಾಯಿತೆಂದು ನಾವು ಹೇಳುತ್ತಿಲ್ಲ. ಅದು ಅನ್ಯಾಯದ ಮಾತಾದೀತು. ನೆರವು ಪಡೆದ ಕುಟುಂಬಗಳಿಗೆ ಅದು ದೊಡ್ಡದೇ. ಆದರೆ ಬಾಡಿಗೆ ಏರಿ ಏರಿ ಮುಂಬಾಗಿಲಿನಿಂದ ಹತ್ತು ಜನ ಬೀದಿಗೆ ಬೀಳುತ್ತಿದ್ದರೆ, ಹಿಂಬಾಗಿಲಿನಿಂದ ಇಬ್ಬರನ್ನು ಒಳಗೆ ಕರೆದುಕೊಂಡರೆ ಬೀದಿ ಬರಿದಾಗುವುದಿಲ್ಲ.

ಕೊಟ್ಟ ಭೂಮಿ, ಪಡೆದ ಭೂಮಿ

ದೂರದ ಮಾತೇಕೆ, ನಮ್ಮ ದೇಶದಲ್ಲೇ ದಾನದ ಮಹಾಪರೀಕ್ಷೆಯೊಂದು ನಡೆದಿದೆ. ೧೯೫೧ರ ಏಪ್ರಿಲ್ ೧೮ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ಆಚಾರ್ಯ ವಿನೋಬಾ ಭಾವೆಯವರಿಗೆ ೧೦೦ ಎಕರೆ ಭೂಮಿ ದಾನವಾಗಿ ಬಂದಿತು. ಭೂದಾನ ಯಜ್ಞ ಆರಂಭವಾಯಿತು. ವಿನೋಬಾರಂಥ ತ್ಯಾಗಿ ಊರಿಂದೂರಿಗೆ ಕಾಲ್ನಡಿಗೆಯಲ್ಲಿ ಹೋಗಿ ಕೈಯೊಡ್ಡಿದರು. ಜಯಪ್ರಕಾಶ ನಾರಾಯಣರಂಥವರು ತಮ್ಮ ಬಾಳನ್ನೇ ಅದಕ್ಕೆ ಧಾರೆಯೆರೆದರು. ಗುರಿ ೫ ಕೋಟಿ ಎಕರೆ. ಬಂದದ್ದು ಸುಮಾರು ೪೨ ಲಕ್ಷ ಎಕರೆ, ಅಂದರೆ ಹತ್ತರಲ್ಲೊಂದು ಪಾಲೂ ಅಲ್ಲ. ಅದರಲ್ಲೂ ಕಲ್ಲುಗುಡ್ಡ, ಕಾಡು, ವ್ಯಾಜ್ಯದ ಜಮೀನು ಬಹಳ. ಉಳುವವನ ಕೈಗೆ ಹಂಚಿಕೆಯಾದದ್ದು ಇನ್ನೂ ಕಡಿಮೆ. ಇಂಥ ಮಹಾತ್ಮರು ಕೇಳಿದರೂ ಬಾರದ್ದು, ಸಭೆಯೊಂದರ ಮನವಿಗೆ ಬಂದೀತೆ?

ಅದೇ ೧೯೫೧ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಯಾರ ಮುಂದೆಯೂ ಕೈಯೊಡ್ಡಲಿಲ್ಲ. ಗೇಣಿ ಅಳೆಯುವ ಕೊಳಗದ ಮೋಸವನ್ನು ಎತ್ತಿ ತೋರಿಸಿ, ಗದ್ದೆಗೆ ಇಳಿದು, ಜೈಲಿಗೆ ಹೋದರು. ಅಂದು ಸೋತಂತೆ ಕಂಡಿತು. ಆದರೆ ಉಳುವವನಿಗೇ ನೆಲವೆಂಬ ಮಾತು ಅಲ್ಲಿಂದ ನಿಲ್ಲಲಿಲ್ಲ. ೧೯೭೪ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾನೂನಿಗೆ ತಿದ್ದುಪಡಿ ತಂದಾಗ ಲಕ್ಷಾಂತರ ಗೇಣಿದಾರರು ಒಡೆಯರಾದರು. ಒಂದು ದಾರಿ ಒಡೆಯನ ಅಂತಃಕರಣವನ್ನು ನಂಬಿತು, ಇನ್ನೊಂದು ಕಾನೂನನ್ನು ಕೇಳಿತು. ಯಾವುದು ಹೆಚ್ಚು ಜನರ ಹೆಸರನ್ನು ಪಹಣಿಗೆ ಏರಿಸಿತೆಂದು ನಮ್ಮ ಮಲೆನಾಡಿನ ರೈತರೇ ಹೇಳಿಯಾರು.

ಗಿರಣಿಯ ನೆಲ

ಮಾಲೀಕನೇ ಮನೆ ಕಟ್ಟಿಕೊಟ್ಟರಾಗದೆ ಎಂದು ಕೆಲವರು ಕೇಳುತ್ತಾರೆ. ಕಟ್ಟಿಕೊಟ್ಟ ಕಡೆಗಳುಂಟು. ಆದರೆ ಆ ಮನೆಯ ಬೀಗದ ಕೈ ಯಾರ ಸೊಂಟದಲ್ಲಿರುತ್ತದೆ? ಕೋಲಾರದ ಚಿನ್ನದ ಗಣಿ ೨೦೦೧ರ ಫೆಬ್ರುವರಿ ೨೮ರಂದು ಮುಚ್ಚಿತು. ತಲೆಮಾರುಗಳಿಂದ ಕಂಪನಿಯ ಲೈನು ಮನೆಗಳಲ್ಲಿದ್ದ ಕುಟುಂಬಗಳಿಗೆ ಕೆಲಸ ಹೋದದ್ದು ಒಂದು ಸಂಕಟವಾದರೆ, ಸೂರು ಯಾರದೆಂಬುದು ಇನ್ನೊಂದು ಸಂಕಟವಾಗಿ ವರ್ಷಗಟ್ಟಲೆ ಕಾಡಿತು. ಕೆಲಸದ ಜೊತೆ ಕಟ್ಟಿಹಾಕಿದ ಮನೆ ಕೆಲಸದ ಜೊತೆಗೇ ಅಲುಗಾಡುತ್ತದೆ. ಮುಷ್ಕರದ ದಿನ ಅದು ಕಾರ್ಮಿಕನ ಕುತ್ತಿಗೆಗೆ ಹಗ್ಗವೂ ಆದೀತು.

ಮುಂಬಯಿಯ ಬಟ್ಟೆ ಗಿರಣಿಗಳ ಕಥೆಯಂತೂ ನಮ್ಮ ಗಿರಣಿ ಸಂಗಾತಿಗಳು ಬಾಯಿಪಾಠ ಮಾಡಿಕೊಳ್ಳಬೇಕಾದದ್ದು. ೧೯೮೨ರ ಮಹಾಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ನಿಂತವು. ನಗರದ ನಡುವೆ ಸುಮಾರು ೬೦೦ ಎಕರೆ ನೆಲ ಉಳಿಯಿತು. ೧೯೯೧ರ ನಿಯಮ ನ್ಯಾಯವಾಗಿಯೇ ಇತ್ತು: ಗಿರಣಿಯ ನೆಲವನ್ನು ಬೇರೆ ಕೆಲಸಕ್ಕೆ ತೆಗೆದರೆ ಮೂರರಲ್ಲೊಂದು ಪಾಲು ನಗರದ ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಒಂದು ಪಾಲು ಮಾಲೀಕನಿಗೆ. ೨೦೦೧ರಲ್ಲಿ ಆ ನಿಯಮಕ್ಕೆ ಸದ್ದಿಲ್ಲದೆ ತಿದ್ದುಪಡಿಯಾಯಿತು. ಪಾಲು ಮಾಡಬೇಕಾದದ್ದು ಕಟ್ಟಡವಿಲ್ಲದ ಖಾಲಿ ಜಾಗವನ್ನು ಮಾತ್ರ ಎಂದಾಯಿತು. ಗಿರಣಿಯೆಂದರೆ ಕಟ್ಟಡವೇ ತಾನೆ? ಖಾಲಿ ಜಾಗ ಎಷ್ಟಿದ್ದೀತು? ೨೦೦೬ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಇಂದು ಆ ನೆಲದಲ್ಲಿ ಗಾಜಿನ ಮಾಲುಗಳೂ ಗೋಪುರದಂಥ ವಸತಿಗಳೂ ನಿಂತಿವೆ. ಮಗ್ಗ ನಡೆಸಿದವರ ಮಕ್ಕಳು ಲಾಟರಿ ಚೀಟಿಯಲ್ಲಿ ತಮ್ಮ ಹೆಸರು ಬಂದೀತೇ ಎಂದು ಕಾದರು. ಇಲ್ಲಿ ಯಾರ ಔದಾರ್ಯವೂ ಬೇಕಿರಲಿಲ್ಲ. ಕಾನೂನಿನಲ್ಲಿದ್ದ ಒಂದು ವಾಕ್ಯ ಉಳಿದಿದ್ದರೆ ಸಾಕಿತ್ತು. ನಮ್ಮ ಕಣ್ಣು ದಾನಿಯ ಕೈಯ ಮೇಲಲ್ಲ, ಆ ವಾಕ್ಯದ ಮೇಲೆ ಇರಬೇಕು.

ವಿಯೆನ್ನಾ ನಗರದವರು ಮಾಡಿದ್ದೇನು?

ಹಾಗಾದರೆ ಖಾಸಗಿ ಸಂಪತ್ತಿನಿಂದ ಮನೆ ಆಗುವುದೇ ಇಲ್ಲವೆ? ಆಗುತ್ತದೆ, ಆಗಿದೆ. ದಾನವಾಗಿ ಅಲ್ಲ, ತೆರಿಗೆಯಾಗಿ.

ಮೊದಲನೆಯ ಮಹಾಯುದ್ಧದ ನಂತರ ಆಸ್ಟ್ರಿಯಾದ ವಿಯೆನ್ನಾ ಹಸಿದ ನಗರ. ಕಾರ್ಮಿಕರು ಹಾಸಿಗೆಯನ್ನೂ ಪಾಳಿಯಲ್ಲಿ ಬಾಡಿಗೆಗೆ ಪಡೆಯುತ್ತಿದ್ದರು. ೧೯೧೯ರ ಚುನಾವಣೆಯಲ್ಲಿ ಸಮಾಜವಾದಿ ಪಕ್ಷ ನಗರಸಭೆಯನ್ನು ಗೆದ್ದಿತು. ಹ್ಯೂಗೋ ಬ್ರೈಟ್‌ನರ್ ಅಲ್ಲಿನ ಹಣಕಾಸಿನ ಹೊಣೆ ಹೊತ್ತವರು. ೧೯೨೩ರಲ್ಲಿ ವಸತಿ ತೆರಿಗೆ ಬಂದಿತು. ಎಲ್ಲರೂ ಕಟ್ಟಬೇಕು, ಆದರೆ ಸಣ್ಣ ಮನೆಗೆ ಅತ್ಯಲ್ಪ, ಬಂಗಲೆಗೆ ಬಹಳ. ಅತಿ ಬೆಲೆಯ ಇನ್ನೂರಕ್ಕೊಂದು ಆಸ್ತಿಯಿಂದಲೇ ಆ ತೆರಿಗೆಯ ಸುಮಾರು ೪೫ ಪಾಲು ಬಂದಿತು. ಮನೆಯಾಳಿನ ಮೇಲೂ ತೆರಿಗೆ. ಮೊದಲ ಆಳಿಗೆ ಇಲ್ಲ, ಎರಡನೆಯವನಿಂದ ಏರುತ್ತ ಹೋಗುತ್ತದೆ. ಕುದುರೆಪಂದ್ಯಕ್ಕೆ, ಮೋಟಾರಿಗೆ, ಭೋಗದ ವಸ್ತುಗಳಿಗೆ ಬೇರೆ ಬೇರೆ ತೆರಿಗೆ. ಇದಕ್ಕೆ ಮೊದಲೇ ಬಾಡಿಗೆ ನಿಯಂತ್ರಣದ ಕಾನೂನು ಇದ್ದುದರಿಂದ ಲಾಭಕ್ಕಾಗಿ ಮನೆ ಕಟ್ಟುವವರು ಹಿಂದೆ ಸರಿದಿದ್ದರು, ನೆಲದ ಬೆಲೆ ಬಿದ್ದಿತ್ತು. ನಗರಸಭೆ ಅಗ್ಗದಲ್ಲಿ ನೆಲ ಕೊಂಡಿತು. ನಾವು ಮೊದಲು ಹೇಳಿದ ಎರಡನೆಯ ತೊಡಕನ್ನು ಅವರು ಹೀಗೆ ಬಿಡಿಸಿಕೊಂಡರು.

೧೯೩೪ರ ವೇಳೆಗೆ ೬೦ ಸಾವಿರಕ್ಕೂ ಹೆಚ್ಚು ಮನೆಗಳು ಎದ್ದವು. ೧೯೩೦ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ಒಂದೇ ವಠಾರದಲ್ಲಿ ೧,೩೮೨ ಮನೆ. ಜೊತೆಗೆ ಬಟ್ಟೆ ಒಗೆಯುವ ಕಟ್ಟೆ, ಶಿಶುವಿಹಾರ, ವಾಚನಾಲಯ. ಬಾಡಿಗೆ ಕಾರ್ಮಿಕನ ವರಮಾನದಲ್ಲಿ ನೂರಕ್ಕೆ ನಾಲ್ಕರಷ್ಟು. ೧೯೩೪ರ ಫೆಬ್ರುವರಿಯಲ್ಲಿ ಸರ್ವಾಧಿಕಾರಿ ಸರ್ಕಾರ ಅದೇ ವಠಾರದ ಮೇಲೆ ಫಿರಂಗಿ ಹಾರಿಸಿತು, ಪಕ್ಷವನ್ನು ನಿಷೇಧಿಸಿತು. ಆದರೆ ಮನೆಗಳು ಉಳಿದವು. ಇಂದಿಗೂ ವಿಯೆನ್ನಾ ನಗರದ ಸ್ವಂತ ಮನೆಗಳು ಸುಮಾರು ೨ ಲಕ್ಷ ೨೦ ಸಾವಿರ.

ಲಂಡನ್ನಿನ ದಾನ ಇಪ್ಪತ್ತು ವರ್ಷಗಳಲ್ಲಿ ಸುಮಾರು ೩,೫೦೦ ಮನೆ ಕಟ್ಟಿತು. ಅದಕ್ಕಿಂತ ಚಿಕ್ಕದಾದ, ಯುದ್ಧದಲ್ಲಿ ಸೋತು ಬಡವಾಗಿದ್ದ ನಗರದ ತೆರಿಗೆ ಹನ್ನೊಂದು ವರ್ಷಗಳಲ್ಲಿ ೬೦ ಸಾವಿರ ಕಟ್ಟಿತು. ಎರಡೂ ಕಡೆ ಹಣ ಬಂದದ್ದು ಉಳ್ಳವರಿಂದಲೇ. ದಾನಿಯ ಹಣ ಒಮ್ಮೆ ಬಂದು ನಿಂತಿತು. ತೆರಿಗೆಯ ಹಣ ವರ್ಷವರ್ಷವೂ ಬಂದಿತು, ನೆಲವೂ ನಗರದ್ದಾಯಿತು.

ಮೂರು ಆಕ್ಷೇಪಗಳು

ವ್ಯಾಪಾರಿ ಬಂಧುಗಳಲ್ಲಿ ಒಂದು ಅಂಜಿಕೆಯಿದೆ: “ತೆರಿಗೆ ಎಂದರೆ ಕೊನೆಗೆ ನಮ್ಮ ಗಲ್ಲಾಪೆಟ್ಟಿಗೆಗೇ ಕೈ ಹಾಕುತ್ತಾರೆ.” ಅಂಜಿಕೆ ಸುಳ್ಳಲ್ಲ. ಅದಕ್ಕಾಗಿಯೇ ತೆರಿಗೆಯ ಏಣಿ ಹೇಗಿದೆ ಎಂದು ನೋಡಬೇಕು. ಅಂಗಡಿಯ ಬಾಡಿಗೆ ಏರಿದಾಗ ನರಳುವವರು ನೀವೇ. ನೆಲವನ್ನು ಕೂಡಿಟ್ಟವನ ಲಾಭ ನಿಮ್ಮ ಬಾಡಿಗೆಯಿಂದಲೇ ಬರುತ್ತದೆ. ಕಾರ್ಮಿಕನ ಪಗಾರದಲ್ಲಿ ಮನೆಬಾಡಿಗೆಗೆ ಹೋದ ರೂಪಾಯಿ ನಿಮ್ಮ ಅಂಗಡಿಗೆ ಬಾರದ ರೂಪಾಯಿ. ಖಾಲಿ ಬಿಟ್ಟ ಹತ್ತು ನಿವೇಶನದ ಮೇಲೆ ತೆರಿಗೆ ಹಾಕೆನ್ನುವುದು ಹತ್ತಡಿ ಅಂಗಡಿಯ ವಿರುದ್ಧದ ಮಾತಲ್ಲ.

“ಸರ್ಕಾರದ ಕೈಗೆ ಕೊಟ್ಟರೆ ನುಂಗಿಬಿಡುತ್ತಾರೆ” ಎಂಬುದು ಎರಡನೆಯ ಮಾತು. ಇದನ್ನೂ ಮುಚ್ಚಿಡಬೇಕಾಗಿಲ್ಲ. ೧೯೭೬ರಲ್ಲಿ ನಗರ ಭೂಮಿತಿ ಕಾನೂನು ಬಂದಿತು. ಮಿತಿಮೀರಿದ ನೆಲವೆಂದು ಗುರುತಿಸಿದ್ದು ೨ ಲಕ್ಷ ೨೦ ಸಾವಿರ ಹೆಕ್ಟೇರು. ಸರ್ಕಾರ ನಿಜವಾಗಿ ವಶಕ್ಕೆ ಪಡೆದದ್ದು ಸುಮಾರು ೧೯ ಸಾವಿರ. ಉಳಿದದ್ದು ವಿನಾಯಿತಿಗಳಲ್ಲೂ ಕೋರ್ಟಿನ ಕಟ್ಟೆಯ ಮೇಲೂ ಕರಗಿತು. ೧೯೯೯ರಲ್ಲಿ ಕೇಂದ್ರವೇ ಕಾನೂನನ್ನು ರದ್ದುಮಾಡಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ೨೦೧೫ರಿಂದ ನಡೆದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಪಟ್ಟಣಗಳಿಗೆ ಒಂದು ಕೋಟಿಗೂ ಮೀರಿ ಮನೆ ಮಂಜೂರಾದವು; ಆದರೆ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ವಂತ ನಿವೇಶನ ಇದ್ದವರು ಕಟ್ಟಿಕೊಳ್ಳುವ ಮನೆಗಳು. ಅಂಗೈಯಗಲ ನೆಲವಿಲ್ಲದವನು ಅಲ್ಲಿಯೂ ಹೊರಗೆ. ಕಾನೂನು ಮಾಡಿಸುವುದು ಅರ್ಧ ಕೆಲಸ, ಅದರ ಬೆನ್ನು ಹತ್ತುವುದು ಇನ್ನರ್ಧ. ಪೀಬಾಡಿಯ ಲೆಕ್ಕವನ್ನು ಕೇಳುವ ಹಕ್ಕು ಲಂಡನ್ನಿನ ಹಮಾಲಿಗಿರಲಿಲ್ಲ. ನಗರಸಭೆಯ ಲೆಕ್ಕವನ್ನು ಕೇಳುವ ಹಕ್ಕು ನಮಗಿದೆ.

ಮೂರನೆಯದು, “ಕಂಪನಿಗಳು ಈಗಾಗಲೇ ಕೊಡುತ್ತಿವೆಯಲ್ಲ?” ಕೊಡುತ್ತಿವೆ, ಏಕೆಂದರೆ ೨೦೧೩ರ ಕಂಪನಿ ಕಾನೂನು ದೊಡ್ಡ ಕಂಪನಿಗಳು ಲಾಭದಲ್ಲಿ ನೂರಕ್ಕೆ ಎರಡನ್ನು ಸಮಾಜದ ಕೆಲಸಕ್ಕೆ ತೆಗೆದಿಡಬೇಕೆಂದು ಹೇಳಿತು. ೨೦೨೨-೨೩ರಲ್ಲಿ ಅದು ಸುಮಾರು ೩೦ ಸಾವಿರ ಕೋಟಿ ರೂಪಾಯಿ. ಶಾಲೆ, ಆಸ್ಪತ್ರೆ ಎಲ್ಲ ಬಿಟ್ಟು ಪೂರ್ತಿ ಹಣವನ್ನು ಮನೆಗೇ ಹಾಕಿದರೂ, ನಮ್ಮ ೫ ಲಕ್ಷದ ಲೆಕ್ಕದಲ್ಲಿ ವರ್ಷಕ್ಕೆ ೬ ಲಕ್ಷ ಮನೆ. ೧ ಕೋಟಿ ೮೮ ಲಕ್ಷ ತುಂಬಲು ೩೧ ವರ್ಷ ಬೇಕು. ಈ ಎರಡು ಪಾಲು ಕೂಡ ಕಾನೂನು ಕೇಳಿದ ಮೇಲೆ ಹೀಗೆ ಬಂದದ್ದು ಎಂಬುದನ್ನು ಮರೆಯಬಾರದು.

ನಮ್ಮ ಊರಿನ ಕೆಲಸ

ಸಂಗಾತಿಗಳೇ, ಮನೆಯಿಲ್ಲದಿರುವಿಕೆ ನೀಗದ ಶಾಪವಲ್ಲ. ಫಿನ್ಲೆಂಡ್ ದೇಶದಲ್ಲಿ ೧೯೮೭ರ ಸುಮಾರಿಗೆ ೧೮ ಸಾವಿರದಷ್ಟು ಜನ ಮನೆಯಿಲ್ಲದವರಿದ್ದರು. ೨೦೦೮ರಿಂದ ಅಲ್ಲಿನ ಸರ್ಕಾರ “ಮೊದಲು ಮನೆ, ಉಳಿದದ್ದು ಆಮೇಲೆ” ಎಂಬ ನಿಯಮ ಹಿಡಿದು ರಾತ್ರಿ ತಂಗುದಾಣಗಳನ್ನೇ ಕಾಯಂ ಮನೆಗಳಾಗಿ ಮಾಡಿತು. ೨೦೨೩ರಲ್ಲಿ ಅವರ ಸಂಖ್ಯೆ ಮೂರೂವರೆ ಸಾವಿರಕ್ಕಿಂತ ಕಡಿಮೆಯಾಗಿತ್ತು. ೨೦೨೪ರಲ್ಲಿ ಮತ್ತೆ ಕೊಂಚ ಏರಿತು. ಕೈ ಸಡಿಲಿಸಿದರೆ ಏರುತ್ತದೆ, ಬಿಗಿಹಿಡಿದರೆ ಇಳಿಯುತ್ತದೆ.

ಹಾಗಾದರೆ ನಾವು ಮಾಡಬೇಕಾದದ್ದೇನು? ನಗರಸಭೆಯ ಮುಂದೆ ನಾಲ್ಕು ಬೇಡಿಕೆಗಳನ್ನು ಇಡೋಣ. ಊರೊಳಗಿನ ಸರ್ಕಾರಿ ನೆಲ, ನಿಂತ ಗಿರಣಿಗಳ ನೆಲ, ವರ್ಷಗಟ್ಟಲೆ ಬೀಗ ಬಿದ್ದ ಮನೆ, ಖಾಲಿ ನಿವೇಶನ, ಇವುಗಳ ಪಟ್ಟಿಯನ್ನು ಗೋಡೆಗೆ ಅಂಟಿಸಲಿ. ಖಾಲಿ ಕೂಡಿಟ್ಟದ್ದಕ್ಕೆ ಏಣಿಯಂತೆ ಏರುವ ತೆರಿಗೆ ಬರಲಿ. ಅದಕ್ಕೆ ಬೇಕಾದ ಕಾನೂನನ್ನು ವಿಧಾನಸಭೆಯಿಂದ ಪಡೆಯಲು ನಮ್ಮ ಜೊತೆ ನಿಲ್ಲಲಿ. ಕೊಳೆಗೇರಿಗಳಲ್ಲಿ ಈಗಾಗಲೇ ನೆಲೆನಿಂತವರಿಗೆ ಇದ್ದ ಜಾಗದಲ್ಲೇ ಹಕ್ಕುಪತ್ರ ಸಿಗಲಿ. ಲಕ್ಷ ಜನಸಂಖ್ಯೆಗೆ ನೂರು ಜನ ತಂಗುವ ಒಂದು ಆಶ್ರಯ, ಹಗಲೂ ರಾತ್ರಿಯೂ ತೆರೆದಿರಬೇಕೆಂದು ಸುಪ್ರೀಂ ಕೋರ್ಟು ೨೦೧೦ರಲ್ಲಿ ಹೇಳಿದ್ದು ನಮ್ಮ ಊರಿನಲ್ಲಿ ಎಷ್ಟು ನಡೆದಿದೆಯೆಂದು ಲೆಕ್ಕ ಒಪ್ಪಿಸಲಿ.

ದಾನಿಗಳು ಕೊಟ್ಟರೆ ಬೇಡವೆನ್ನುವವರು ನಾವಲ್ಲ. ಚಳಿಯಲ್ಲಿ ಮಲಗಿದವನಿಗೆ ಕಂಬಳಿ ಹೊದಿಸುವ ಕೈ ದೊಡ್ಡದೇ. ಕೊಡುವವರು ಊರಿನ ವಸತಿ ನಿಧಿಗೆ ಕೊಡಲಿ, ಕಲ್ಲಿನ ಮೇಲೆ ಅವರ ಹೆಸರು ಬೇಕಾದರೆ ಕೆತ್ತಿಸೋಣ. ಆದರೆ ಯಾರಿಗೆ ಮನೆ, ಎಲ್ಲಿ ಮನೆ, ಎಷ್ಟು ಬಾಡಿಗೆ ಎಂಬುದನ್ನು ಊರು ತೀರ್ಮಾನಿಸಬೇಕು. ಬರುವ ನಗರಸಭೆಯ ಸಾಮಾನ್ಯ ಸಭೆಗೆ ಗಿರಣಿಯ ಸಂಗಾತಿಗಳೂ ಪೇಟೆಯ ಬಂಧುಗಳೂ ಒಟ್ಟಾಗಿ ಹೋಗಿ, ಖಾಲಿ ನೆಲದ ಪಟ್ಟಿಯನ್ನು ಕೇಳೋಣ. ಕೊಡುವವರೆಗೆ ಕೇಳುತ್ತಲೇ ಇರೋಣ.